ಒಂದೇ ಪಾಠ, ಹಲವು ದಾರಿ: ಸಮನ್ವಯ ತರಗತಿಯಲ್ಲಿ ಕೃತಕ ಬುದ್ಧಿಮತ್ತೆಯನ್ನು ಬಳಸುವ ಬಗೆ

ಜಲಚಕ್ರದ ಕುರಿತ ಒಂದು ಪಾಠವನ್ನು ತೆಗೆದುಕೊಳ್ಳೋಣ. ಅದರಲ್ಲಿ ಎರಡು ಪುಟಗಳ ಪಠ್ಯ, ಒಂದು ಚಿತ್ರ, ಐದು ನಿಮಿಷದ ಒಂದು ವಿಡಿಯೊ ಮತ್ತು ಕೊನೆಯಲ್ಲಿ ನಾಲ್ಕು ಪ್ರಶ್ನೆಗಳಿವೆ. ಕಣ್ಣು ಕಾಣದ ವಿದ್ಯಾರ್ಥಿಗೆ ಚಿತ್ರ ಸಿಗುವುದಿಲ್ಲ. ಕಿವಿ ಕೇಳದವಳಿಗೆ ವಿಡಿಯೊದ ಮಾತು ಸಿಗುವುದಿಲ್ಲ. ಡಿಸ್ಲೆಕ್ಸಿಯಾ ಇರುವ ಹುಡುಗ ಒತ್ತಕ್ಷರಗಳನ್ನು ಬಿಡಿಸಿ ಓದುವುದರಲ್ಲೇ ದಣಿಯುತ್ತಾನೆ. ಮನೆಯಲ್ಲಿ ಬೇರೆ ಭಾಷೆಯನ್ನಾಡುವ ಹುಡುಗಿ ‘ಸಾಂದ್ರೀಕರಣ’ ಎಂಬ ಪದದ ಬಳಿ ನಿಂತುಬಿಡುತ್ತಾಳೆ. ಉತ್ತರ ಚೆನ್ನಾಗಿ ಗೊತ್ತಿದ್ದರೂ ಬೆರಳುಗಳಲ್ಲಿ ಹಿಡಿತವಿಲ್ಲದ ಇನ್ನೊಬ್ಬ ಅದನ್ನು ಬರೆಯಲಾರ. ಈ ಐವರಲ್ಲಿ ಯಾರಿಗೂ ಜಲಚಕ್ರವು ಅರ್ಥವಾಗದ ವಿಷಯವಲ್ಲ. ಪಾಠವನ್ನು ಸಿದ್ಧಪಡಿಸಿದ ರೀತಿಯೇ ಅವರನ್ನು ಹೊರಗಿಟ್ಟಿದೆ.

ಒಬ್ಬ ಶಿಕ್ಷಕರು ಈ ಪಾಠವನ್ನು ಐದು ರೂಪಗಳಲ್ಲಿ ಕೈಯಿಂದಲೇ ಸಿದ್ಧಪಡಿಸಲು ಹೊರಟರೆ ವಾರದ ಸಂಜೆಗಳೆಲ್ಲ ಅದಕ್ಕೇ ಮುಗಿಯುತ್ತವೆ. ಕೃತಕ ಬುದ್ಧಿಮತ್ತೆಯ (ಎಐ) ನಿಜವಾದ ಉಪಯೋಗವಿರುವುದು ಇಲ್ಲಿಯೇ ಎಂದು ನಾನು ನಂಬುತ್ತೇನೆ: ಪಾಠದ ಒಂದು ರೂಪವನ್ನು ಇನ್ನೊಂದು ರೂಪಕ್ಕೆ ತಿರುಗಿಸುವ ಮೊದಲ ಕರಡನ್ನು ಅದು ಕೆಲವೇ ನಿಮಿಷಗಳಲ್ಲಿ ಕೊಡುತ್ತದೆ. ಕರಡು ಸರಿಯೇ ತಪ್ಪೇ ಎಂದು ನೋಡುವುದು, ಯಾರಿಗೆ ಯಾವ ರೂಪ ಬೇಕೆಂದು ತೀರ್ಮಾನಿಸುವುದು ಶಿಕ್ಷಕರ ಮತ್ತು ವಿದ್ಯಾರ್ಥಿಗಳ ಕೆಲಸವಾಗಿಯೇ ಉಳಿಯುತ್ತದೆ. ಈ ಮಾರ್ಗದರ್ಶಿಯು ಆ ಕೆಲಸವನ್ನು ಹಂತಹಂತವಾಗಿ ವಿವರಿಸುತ್ತದೆ. ಉದಾಹರಣೆಗಾಗಿ ಉದ್ದಕ್ಕೂ ಇದೇ ಜಲಚಕ್ರದ ಪಾಠವನ್ನು ಇಟ್ಟುಕೊಂಡಿದ್ದೇನೆ.

ಹಂತ 1: ಪಾಠದಲ್ಲಿರುವ ತಡೆಯನ್ನು ಗುರುತಿಸಿ

ಸ್ಪೇನಿನ ಸಾಲಮಾಂಕಾದಲ್ಲಿ ನಡೆದ ಶಿಕ್ಷಣ ಸಮ್ಮೇಳನವು ಹೊರಡಿಸಿದ 1994ರ ಸಾಲಮಾಂಕಾ ಹೇಳಿಕೆಯು ಶಾಲೆಗಳು ಎಲ್ಲ ಮಕ್ಕಳನ್ನೂ ಒಳಗೊಳ್ಳುವಂತೆ ತಮ್ಮನ್ನು ತಾವು ಬದಲಿಸಿಕೊಳ್ಳಬೇಕೆಂದು ಹೇಳಿತು. 2006ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆಯ 24ನೆಯ ವಿಧಿಯು ಸಮನ್ವಯ ಶಿಕ್ಷಣವನ್ನು, ಅಂದರೆ ಎಲ್ಲ ಮಕ್ಕಳೂ ಒಟ್ಟಿಗೆ ಕಲಿಯುವುದನ್ನು, ಹಕ್ಕಿನ ಮಾತಾಗಿಸಿತು. ಎರಡರ ಹಿಂದೆಯೂ ಇರುವ ವಿಚಾರ ಒಂದೇ: ಬದಲಾಗಬೇಕಾದದ್ದು ಮಗುವಲ್ಲ, ಕಲಿಸುವ ವ್ಯವಸ್ಥೆ. ಆದ್ದರಿಂದ ಯಾವ ಆ್ಯಪ್ ಬಳಸಬೇಕೆಂಬ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಪಾಠವನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳಿ.

ಪಾಠದ ಪ್ರತಿಯೊಂದು ಭಾಗಕ್ಕೂ ಮೂರು ಪ್ರಶ್ನೆಗಳನ್ನು ಕೇಳಿ. ಇದು ವಿದ್ಯಾರ್ಥಿಗೆ ಹೇಗೆ ತಲುಪುತ್ತದೆ, ಕಣ್ಣಿನಿಂದ ಮಾತ್ರವೇ, ಕಿವಿಯಿಂದ ಮಾತ್ರವೇ? ತನಗೆ ತಿಳಿದದ್ದನ್ನು ಅವನು ಹೇಗೆ ತೋರಿಸಬೇಕಾಗಿದೆ, ಬರೆದು ಮಾತ್ರವೇ? ಇದರಲ್ಲಿ ತೊಡಗಿಕೊಳ್ಳಲು ಅವನಿಗೆ ಕಾರಣವೇನಿದೆ? ಕಲಿಕೆಯ ಸಾರ್ವತ್ರಿಕ ವಿನ್ಯಾಸ ಎಂದು ಕರೆಯಲಾಗುವ ಚೌಕಟ್ಟಿನ ಮೂರು ತತ್ತ್ವಗಳು ಇವೇ. ಉತ್ತರಗಳನ್ನು ಒಂದೊಂದು ವಾಕ್ಯದಲ್ಲಿ ಬರೆದಿಡಿ: ‘ಚಿತ್ರದಲ್ಲಿರುವ ಬಾಣಗಳ ಅರ್ಥ ಪಠ್ಯದಲ್ಲಿ ಎಲ್ಲಿಯೂ ಇಲ್ಲ’, ‘ಮೂರನೆಯ ಪ್ರಶ್ನೆಗೆ ಹತ್ತು ಸಾಲು ಬರೆಯದೆ ಉತ್ತರಿಸಲಾಗದು’. ಹೀಗೆ ಬರೆದ ವಾಕ್ಯವೇ ಮುಂದೆ ಎಐಗೆ ಕೊಡುವ ಸೂಚನೆಯಾಗುತ್ತದೆ.

ಈ ಹಂತದಲ್ಲಿ ವಿದ್ಯಾರ್ಥಿಯನ್ನೇ ಕೇಳುವುದನ್ನು ಮರೆಯಬೇಡಿ. ಪೂರ್ತಿ ಕಣ್ಣು ಕಾಣದವರ ಅಗತ್ಯವೂ ಮಂದದೃಷ್ಟಿಯವರ ಅಗತ್ಯವೂ ಒಂದಲ್ಲ. ಒಂದೇ ರೋಗನಿದಾನವಿರುವ ಇಬ್ಬರು ಮಕ್ಕಳಿಗೆ ಬೇಕಾದ ನೆರವೂ ಒಂದೇ ಆಗಿರಬೇಕಿಲ್ಲ. ಮಗುವಿನ ವರ್ತನೆಯನ್ನು ವಿವರಿಸಿ ‘ಇವನಿಗೆ ಏನು ತೊಂದರೆ ಇರಬಹುದು’ ಎಂದು ಎಐಯನ್ನು ಕೇಳುವ ಆಸೆಯಾಗಬಹುದು. ಕೇಳಬೇಡಿ. ಅದು ಆತ್ಮವಿಶ್ವಾಸದಿಂದ ಒಂದು ಹೆಸರನ್ನು ಹೇಳಿಬಿಡುತ್ತದೆ, ಮತ್ತು ಆ ಹೆಸರು ಯಾವ ತಜ್ಞರ ಪರೀಕ್ಷೆಯೂ ಇಲ್ಲದೆ ಮಗುವಿಗೆ ಅಂಟಿಕೊಳ್ಳುತ್ತದೆ.

ಹಂತ 2: ಮಗುವಿನ ಮಾಹಿತಿಯನ್ನು ಕಾಪಾಡಿ

ವೈದ್ಯಕೀಯ ವರದಿ, ವೈಯಕ್ತಿಕ ಶಿಕ್ಷಣ ಯೋಜನೆ, ಹೆಸರು, ಫೋಟೊ, ಧ್ವನಿ ಮುದ್ರಿಕೆ ಇವು ಯಾವುವನ್ನೂ ಸಾರ್ವಜನಿಕ ಎಐ ಸೇವೆಗೆ ಏರಿಸಬೇಡಿ. ಅದರ ಅಗತ್ಯವೂ ಇಲ್ಲ. ‘ಆಟಿಸಂ ಇರುವ ಇಂಥ ಹೆಸರಿನ ಹುಡುಗನಿಗಾಗಿ’ ಎಂದು ಬರೆಯುವ ಬದಲು ‘ಸೂಚನೆಗಳು ಒಂದೊಂದಾಗಿ, ಅಲಂಕಾರದ ಮಾತಿಲ್ಲದೆ, ನೇರ ಅರ್ಥದಲ್ಲಿ ಇರಬೇಕು’ ಎಂದು ಬರೆದರೆ ಎಐ ಕೊಡುವ ಕರಡು ಹೆಚ್ಚು ಚೆನ್ನಾಗಿರುತ್ತದೆ, ಏಕೆಂದರೆ ನೀವು ಕೇಳಿದ್ದು ಪಾಠದ ಗುಣವನ್ನು. ನಿಮ್ಮ ಮಾತುಕತೆಯನ್ನು ಎಐ ಮಾದರಿಯ ತರಬೇತಿಗೆ ಬಳಸುವುದನ್ನು ತಡೆಯುವ ಆಯ್ಕೆ ಆ ಸೇವೆಯಲ್ಲಿದ್ದರೆ ಮೊದಲೇ ಅದನ್ನು ಒತ್ತಿರಿ.

ಮಕ್ಕಳೇ ನೇರವಾಗಿ ಬಳಸುವುದಾದರೆ ವಯಸ್ಸಿನ ಪ್ರಶ್ನೆ ಬರುತ್ತದೆ. ಯುನೆಸ್ಕೊ 2023ರ ಸೆಪ್ಟೆಂಬರಿನಲ್ಲಿ ಹೊರತಂದ ಮಾರ್ಗಸೂಚಿಯು ತರಗತಿಯಲ್ಲಿ ಇಂಥ ಉಪಕರಣಗಳನ್ನು ಸ್ವತಂತ್ರವಾಗಿ ಬಳಸಲು ಕನಿಷ್ಠ 13 ವರ್ಷದ ಮಿತಿಯನ್ನು ಸೂಚಿಸಿದೆ. ಅದಕ್ಕಿಂತ ಚಿಕ್ಕವರಿಗೆ ಶಿಕ್ಷಕರು ಬಳಸಿ ಸಿದ್ಧಪಡಿಸಿದ ಸಾಮಗ್ರಿಯೇ ಸಾಕು. ಮುಖಭಾವವನ್ನು ಕ್ಯಾಮೆರಾದಲ್ಲಿ ನೋಡಿ ಮಗುವಿನ ಗಮನವನ್ನೋ ಭಾವನೆಯನ್ನೋ ಅಳೆಯುತ್ತೇವೆ ಎನ್ನುವ ತಂತ್ರಾಂಶಗಳನ್ನು ಮಾತ್ರ ಯಾವ ವಯಸ್ಸಿನವರಿಗೂ ಬಳಸಬೇಡಿ. ಆಟಿಸಂ ಇರುವ ಮಗು ಗಮನವಿಟ್ಟು ಕೇಳುವಾಗಲೂ ಕಣ್ಣಲ್ಲಿ ಕಣ್ಣಿಟ್ಟು ನೋಡದಿರಬಹುದು; ಅಂಥ ತಂತ್ರಾಂಶ ಅದನ್ನು ಅಲಕ್ಷ್ಯವೆಂದೇ ಬರೆದುಕೊಳ್ಳುತ್ತದೆ. ಐರೋಪ್ಯ ಒಕ್ಕೂಟದ ಎಐ ಕಾಯಿದೆಯು ವೈದ್ಯಕೀಯ ಮತ್ತು ಸುರಕ್ಷತಾ ಕಾರಣಗಳನ್ನು ಹೊರತುಪಡಿಸಿ ಶಿಕ್ಷಣ ಸಂಸ್ಥೆಗಳಲ್ಲಿ ಭಾವನೆ ಗುರುತಿಸುವ ವ್ಯವಸ್ಥೆಗಳನ್ನು ನಿಷೇಧಿಸಿದ್ದು, ಈ ನಿಷೇಧವು 2025ರ ಫೆಬ್ರುವರಿ 2ರಿಂದ ಜಾರಿಯಲ್ಲಿದೆ.

ಹಂತ 3: ಮೂಲ ಪಠ್ಯವನ್ನು ಯಂತ್ರ ಓದುವಂತೆ ಮಾಡಿ

ಕನ್ನಡದಲ್ಲಿ ಕಲಿಸುವವರು ಈ ಹಂತವನ್ನು ದಾಟಿ ಹೋಗುವಂತೆಯೇ ಇಲ್ಲ. ನಮ್ಮ ಹಳೆಯ ಕಡತಗಳಲ್ಲಿ ಬಹಳಷ್ಟು, ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿಲ್ಲ. ಅವು ತೆರೆಯ ಮೇಲೆ ಕನ್ನಡವಾಗಿ ಕಾಣುತ್ತವೆ, ಆದರೆ ಒಳಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಫಾಂಟ್ ಅವುಗಳ ಮೇಲೆ ಕನ್ನಡದ ಆಕಾರವನ್ನು ಹೊದಿಸಿರುತ್ತದೆ, ಅಷ್ಟೆ. ತೆರೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅಂಥ ಕಡತವನ್ನು ಕೊಟ್ಟರೆ ಅರ್ಥವಿಲ್ಲದ ಸದ್ದು ಹೊರಡುತ್ತದೆ, ಎಐಗೆ ಕೊಟ್ಟರೆ ಅದು ಊಹಿಸಿ ಬರೆಯತೊಡಗುತ್ತದೆ. ಪರೀಕ್ಷಿಸುವುದು ಸುಲಭ. ಕಡತದಿಂದ ಒಂದು ಸಾಲನ್ನು ನಕಲು ಮಾಡಿ ಮೊಬೈಲಿನ ಸಂದೇಶದಲ್ಲಿ ಅಂಟಿಸಿ ನೋಡಿ: ಕನ್ನಡವಾಗಿಯೇ ಉಳಿದರೆ ಯೂನಿಕೋಡ್, ಕಲಸುಮೇಲೋಗರವಾದರೆ ಹಳೆಯ ಸಂಕೇತ. ಎರಡನೆಯದಾದರೆ ಯೂನಿಕೋಡ್ ಪರಿವರ್ತಕ ತಂತ್ರಾಂಶದಿಂದ ಬದಲಿಸಿಕೊಳ್ಳಿ. ಈ ಕೆಲಸಕ್ಕೆ ಎಐ ಬೇಡ, ಏಕೆಂದರೆ ಇಲ್ಲಿ ಬೇಕಾದದ್ದು ನಿಯಮಬದ್ಧವಾದ ಬದಲಾವಣೆಯೇ ಹೊರತು ಊಹೆಯಲ್ಲ.

ಸ್ಕ್ಯಾನ್ ಮಾಡಿದ ಪುಟವಾದರೆ ಅದು ಕೇವಲ ಚಿತ್ರ. ಅಕ್ಷರ ಗುರುತಿಸುವ ತಂತ್ರಾಂಶದಿಂದ ಅದನ್ನು ಪಠ್ಯವಾಗಿಸಬೇಕು, ಬಳಿಕ ಕಣ್ಣಾರೆ ತಿದ್ದಬೇಕು. ಕನ್ನಡದಲ್ಲಿ ಒತ್ತಕ್ಷರಗಳು, ಮಹಾಪ್ರಾಣದ ಸೀಳು, ದೀರ್ಘದ ಗುರುತು ಇವು ತಪ್ಪಾಗುವ ಜಾಗಗಳು. ಎಐ ಮಾದರಿಗಳು ಪುಟವನ್ನು ಓದುವಾಗ ಇನ್ನೊಂದು ಅಪಾಯವಿದೆ: ಮಸುಕಾದ ಪದ ಬಂದರೆ ಅವು ಅಲ್ಲಿಗೆ ಹೊಂದುವ ಬೇರೊಂದು ಪದವನ್ನು ಕೂರಿಸುತ್ತವೆ. ವಾಕ್ಯ ನಯವಾಗಿಯೇ ಓದಿಸಿಕೊಳ್ಳುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಮೂಲ ಪುಟವನ್ನು ಪಕ್ಕದಲ್ಲಿಟ್ಟುಕೊಂಡೇ ತಿದ್ದಿ, ಅಂಕಿಗಳನ್ನು ಎರಡು ಬಾರಿ ನೋಡಿ.

ಶೀರ್ಷಿಕೆಗಳನ್ನು ದಪ್ಪಕ್ಷರದಿಂದ ತೋರಿಸಿದರೆ ಸಾಲದು. ವರ್ಡ್ ಪ್ರೊಸೆಸರಿನಲ್ಲಿ ಶೀರ್ಷಿಕೆಗೆಂದೇ ಇರುವ ಶೈಲಿಯನ್ನು ಬಳಸಿ. ಸ್ಕ್ರೀನ್ ರೀಡರ್ ಬಳಸುವವರು ಆ ಶೀರ್ಷಿಕೆಗಳ ಮೇಲೆಯೇ ಜಿಗಿಯುತ್ತಾ ಪಾಠದಲ್ಲಿ ಓಡಾಡುತ್ತಾರೆ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1ರ ಬೆಳಕಿನ ಅಂತರ (ಕಾಂಟ್ರಾಸ್ಟ್) ಇರಲಿ. ಸಾಲುಗಳ ನಡುವೆಯೂ ಧಾರಾಳವಾಗಿ ಜಾಗ ಬಿಡಿ. ಒತ್ತುಗಳು ಸಾಲಿನ ಕೆಳಗೆ ಇಳಿಯುವ ಲಿಪಿ ನಮ್ಮದು, ಇಕ್ಕಟ್ಟಾದರೆ ಅವು ಕೆಳಗಿನ ಸಾಲಿನ ಗುಣಿತ ಚಿಹ್ನೆಗಳಿಗೆ ತಾಗುತ್ತವೆ.

ಹಂತ 4: ಭಾಷೆಯನ್ನು ಸರಳಗೊಳಿಸಿ, ವಿಷಯವನ್ನಲ್ಲ

ಎಐಯನ್ನು ಹೆಚ್ಚಾಗಿ ಬಳಸುವುದು ಇದಕ್ಕೇ, ಹೆಚ್ಚು ಹಾನಿಯಾಗುವುದೂ ಇಲ್ಲಿಯೇ. ‘ಸರಳವಾಗಿ ಬರೆಯಿರಿ’ ಎಂದಷ್ಟೇ ಹೇಳಿದರೆ ಅದು ವಾಕ್ಯಗಳನ್ನು ಕತ್ತರಿಸುತ್ತದೆ, ಕಷ್ಟದ ಪದಗಳನ್ನು ತೆಗೆಯುತ್ತದೆ, ಜೊತೆಗೆ ಪಾಠದ ತಿರುಳನ್ನೂ ತೆಗೆದುಬಿಡುತ್ತದೆ. ಕೆರೆ ಸಮುದ್ರಗಳ ಮೇಲ್ಮೈಯಲ್ಲಿರುವ ನೀರು ಕುದಿಯದೆಯೇ, ಎಲ್ಲ ಉಷ್ಣತೆಗಳಲ್ಲೂ, ನಿಧಾನವಾಗಿ ಆವಿಯಾಗುತ್ತಿರುತ್ತದೆ ಎಂಬುದು ಮೂಲದ ಮಾತು ಎಂದಿಟ್ಟುಕೊಳ್ಳಿ. ಅದನ್ನು ‘ನೀರು ಬಿಸಿಯಾಗಿ ಕುದಿದಾಗ ಆವಿಯಾಗುತ್ತದೆ’ ಎಂದು ಸರಳಗೊಳಿಸಿದರೆ ಓದು ಹಗುರವಾಯಿತು, ವಿಜ್ಞಾನ ತಪ್ಪಾಯಿತು. ಓದಲು ಕಷ್ಟಪಡುವ ಮಗುವಿಗೆ ತಪ್ಪು ವಿಜ್ಞಾನವನ್ನು ಕೊಡುವುದು ನೆರವಲ್ಲ. ಉಳಿದವರೆಲ್ಲ ಕಲಿಯುವ ವಿಚಾರವನ್ನೇ ಅವನೂ ಕಲಿಯಬೇಕು.

ಆದ್ದರಿಂದ ಸೂಚನೆಯಲ್ಲಿ ಏನು ಬದಲಾಗಬಾರದು ಎಂಬುದನ್ನೂ ಬರೆಯಿರಿ. ಹೀಗೊಂದು ಸೂಚನೆಯಿಂದ ಆರಂಭಿಸಬಹುದು:

‘ಕೆಳಗಿನ ಪಠ್ಯವನ್ನು ಹತ್ತು ವರ್ಷದ ಓದುಗರಿಗಾಗಿ ತಿರುಗಿ ಬರೆಯಿರಿ. ಒಂದು ವಾಕ್ಯದಲ್ಲಿ ಒಂದೇ ವಿಚಾರವಿರಲಿ. ಬಾಷ್ಪೀಕರಣ, ಸಾಂದ್ರೀಕರಣ ಎಂಬ ಪದಗಳನ್ನು ಉಳಿಸಿಕೊಳ್ಳಿ. ಅವು ಮೊದಲ ಬಾರಿ ಬಂದಾಗ ಆಡುಮಾತಿನಲ್ಲಿ ಅರ್ಥ ಹೇಳಿ. ಏಕೆಂದರೆ, ಆದ್ದರಿಂದ, ಆದರೆ ಎಂಬ ಜೋಡಿಸುವ ಮಾತುಗಳನ್ನು ಕೈಬಿಡಬೇಡಿ. ಮೂಲದಲ್ಲಿಲ್ಲದ ಸಂಗತಿಯನ್ನು ಸೇರಿಸಬೇಡಿ. ಮೂಲದಿಂದ ಏನನ್ನಾದರೂ ಬಿಟ್ಟಿದ್ದರೆ ಕೊನೆಯಲ್ಲಿ ಪಟ್ಟಿ ಮಾಡಿ.’

ಜೋಡಿಸುವ ಮಾತುಗಳ ಬಗ್ಗೆ ಅಷ್ಟು ಒತ್ತಿ ಹೇಳಲು ಕಾರಣವಿದೆ. ವಾಕ್ಯಗಳನ್ನು ತುಂಡು ಮಾಡಿದಾಗ ಮೊದಲು ಕಳೆದುಹೋಗುವುದು ಅವೇ. ‘ಗಾಳಿ ಮೇಲೇರುತ್ತದೆ. ಅದು ತಂಪಾಗುತ್ತದೆ. ಹನಿಗಳಾಗುತ್ತವೆ.’ ಇದರಲ್ಲಿ ಪ್ರತಿ ವಾಕ್ಯವೂ ಸುಲಭ, ಆದರೆ ಯಾವುದರಿಂದ ಯಾವುದಾಯಿತು ಎಂಬುದು ತಿಳಿಯುವುದಿಲ್ಲ. ‘ಗಾಳಿ ಮೇಲೇರಿದಂತೆ ತಂಪಾಗುತ್ತದೆ. ತಂಪಾದ್ದರಿಂದ ಅದರಲ್ಲಿದ್ದ ಆವಿ ಹನಿಗಳಾಗುತ್ತದೆ’ ಎಂಬುದು ಕೊಂಚ ಉದ್ದವಾದರೂ ಅರ್ಥಕ್ಕೆ ಹತ್ತಿರವಾಗಿದೆ.

ಕರಡು ಬಂದ ಮೇಲೆ ಮೂಲ ಪಾಠದ ಮುಖ್ಯ ಸಂಗತಿಗಳನ್ನು ನೀವೇ ಕಾಗದದ ಮೇಲೆ ಬರೆದು, ಪ್ರತಿಯೊಂದೂ ಕರಡಿನಲ್ಲಿದೆಯೇ ಎಂದು ಗುರುತು ಹಾಕುತ್ತಾ ಹೋಗಿ. ಬಿಟ್ಟಿದ್ದರ ಪಟ್ಟಿಯನ್ನು ಎಐಯೇ ಕೊಟ್ಟಿದ್ದರೂ ಅದನ್ನೇ ನಂಬಿ ಕೂರಬೇಡಿ. ‘ಸಾಮಾನ್ಯವಾಗಿ’, ‘ಕೆಲವೊಮ್ಮೆ’, ‘ಮಾತ್ರ’ ಎಂಬ ಪದಗಳು ಉಳಿದಿವೆಯೇ ಎಂದು ವಿಶೇಷವಾಗಿ ನೋಡಿ. ಇವು ಬಿದ್ದುಹೋದರೆ ವಾಕ್ಯದ ಅರ್ಥವೇ ಬೇರೆಯಾಗುತ್ತದೆ. ಬಳಿಕ ಗಟ್ಟಿಯಾಗಿ ಓದಿ. ಎಐ ಬರೆಯುವ ಕನ್ನಡ ಹಲವು ಬಾರಿ ಪುಸ್ತಕದ ಸಂಸ್ಕೃತ ಪದಗಳ ಕಡೆಗೇ ವಾಲುತ್ತದೆ, ವಾಕ್ಯದ ಜೋಡಣೆ ಇಂಗ್ಲಿಷಿನದಾಗಿರುತ್ತದೆ. ನೀವು ತರಗತಿಯಲ್ಲಿ ಹೇಳದ ರೀತಿಯಲ್ಲಿ ವಾಕ್ಯವಿದ್ದರೆ ನೀವು ಹೇಳುವ ರೀತಿಗೆ ತಿದ್ದಿ.

ಆರಂಭಿಕ ಓದುಗರಿಗಾಗಿ ‘ಒತ್ತಕ್ಷರಗಳಿಲ್ಲದ ಪದಗಳನ್ನು ಮಾತ್ರ ಬಳಸಿ’ ಎಂದು ಕೇಳಿದರೆ ಎಐ ಒಪ್ಪಿಕೊಳ್ಳುತ್ತದೆ, ಆದರೆ ಹಲವು ಬಾರಿ ಮಾತು ಉಳಿಸಿಕೊಳ್ಳುವುದಿಲ್ಲ. ಎಐಯ ಹಿಂದಿರುವ ಭಾಷಾ ಮಾದರಿಗಳು ಪದಗಳನ್ನು ನಮ್ಮಂತೆ ಅಕ್ಷರ ಅಕ್ಷರವಾಗಿ ನೋಡುವುದಿಲ್ಲ. ಟೋಕನ್‌ಗಳೆಂಬ ತುಣುಕುಗಳಾಗಿ ನೋಡುತ್ತವೆ, ಆ ತುಣುಕುಗಳ ಗಡಿ ನಮ್ಮ ಅಕ್ಷರಗಳ ಗಡಿಯಲ್ಲ. ಹೀಗಾಗಿ ಅಕ್ಷರಗಳನ್ನು ಎಣಿಸುವ, ಗುಣಿತವನ್ನು ಗುರುತಿಸುವ ಕೆಲಸಗಳಲ್ಲಿ ಅವು ಎಡವುವುದುಂಟು. ಅವು ಕೊಟ್ಟ ಪದಪಟ್ಟಿಯನ್ನು ನೀವು ಸೋಸಿ ಕೊಡಬೇಕು.

ಮನೆಯ ಭಾಷೆ ಬೇರೆಯಾಗಿರುವ ವಿದ್ಯಾರ್ಥಿಗಳಿಗೆ ಇಡೀ ಪಾಠದ ಅನುವಾದಕ್ಕಿಂತ, ಪಾಠದ ಹತ್ತು ಹನ್ನೆರಡು ಮುಖ್ಯ ಪದಗಳ ದ್ವಿಭಾಷಾ ಪಟ್ಟಿಯನ್ನು ಮೊದಲು ಕೊಡುವುದು ಒಳ್ಳೆಯದು. ಆ ಭಾಷೆಯನ್ನು ಬಲ್ಲ ಪೋಷಕರೊಬ್ಬರು ಐದು ನಿಮಿಷದಲ್ಲಿ ಅದನ್ನು ನೋಡಿ ತಿದ್ದಬಹುದು. ಇಡೀ ಪಾಠವನ್ನು ತಿದ್ದಿಕೊಡಿ ಎಂದು ಯಾರನ್ನೂ ಕೇಳಲಾಗದು.

ಹಂತ 5: ಚಿತ್ರಕ್ಕೆ ಮಾತು ಕೊಡಿ

ಚಿತ್ರವನ್ನು ಎಐಗೆ ಕೊಟ್ಟು ವಿವರಿಸಲು ಹೇಳಿದರೆ ‘ಬೆಟ್ಟ, ಮೋಡ ಮತ್ತು ಸಮುದ್ರವಿರುವ ಸುಂದರ ವರ್ಣಚಿತ್ರ’ ಎಂಬಂಥ ಉತ್ತರ ಬರುವುದುಂಟು. ಕಣ್ಣು ಕಾಣದ ವಿದ್ಯಾರ್ಥಿಗೆ ಅದರಿಂದ ಏನೂ ಸಿಗಲಿಲ್ಲ. ಚಿತ್ರ ಪಾಠದಲ್ಲಿ ಏಕಿದೆ ಎಂಬುದನ್ನು ಎಐಗೆ ತಿಳಿಸಿ: ‘ಈ ಚಿತ್ರದಿಂದ ವಿದ್ಯಾರ್ಥಿಯು ನೀರು ಯಾವ ಕ್ರಮದಲ್ಲಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕಲಿಯಬೇಕು. ಬಾಣಗಳ ಕ್ರಮದಲ್ಲಿ ವಿವರಿಸಿ. ಬಣ್ಣ, ಅಂದದ ಮಾತು ಬೇಡ.’ ಬಂದ ವಿವರಣೆಯನ್ನು ಚಿತ್ರದೊಂದಿಗೆ ಹೋಲಿಸಿ ನೋಡಿ. ಬಾಣದ ದಿಕ್ಕು, ಗ್ರಾಫಿನ ಅಂಕಿಗಳು, ನಕಾಶೆಯ ಸ್ಥಳಗಳು ಇವುಗಳಲ್ಲಿ ಎಐ ತಪ್ಪುವುದು ಹೆಚ್ಚು. ಚಿತ್ರದಲ್ಲಿ ಉತ್ತರವನ್ನು ಹುಡುಕಬೇಕಾದ ಪ್ರಶ್ನೆಯಿದ್ದರೆ ವಿವರಣೆಯೇ ಉತ್ತರವನ್ನು ಬಿಟ್ಟುಕೊಡದಂತೆಯೂ ನೋಡಿಕೊಳ್ಳಿ.

ಬ್ರೈಲ್ ಬೇಕಾದಾಗ ಚಾಟ್‌ಬಾಟ್‌ನಿಂದ ಚುಕ್ಕಿಗಳನ್ನು ಬರೆಸಬೇಡಿ. 1829ರಲ್ಲಿ ಲೂಯಿ ಬ್ರೈಲ್ ಪ್ರಕಟಿಸಿದ ಆರು ಚುಕ್ಕಿಗಳ ಪದ್ಧತಿಗೆ ಪ್ರತಿ ಭಾಷೆಯಲ್ಲೂ ಖಚಿತ ನಿಯಮಗಳಿವೆ, ಒಂದು ಚುಕ್ಕಿ ತಪ್ಪಿದರೆ ಅಕ್ಷರವೇ ಬೇರೆ. ಅದಕ್ಕೆ ಲಿಬ್‌ಲೂಯಿಯಂಥ ಮುಕ್ತ ಬ್ರೈಲ್ ಪರಿವರ್ತಕಗಳಿವೆ. ಬೆರಳಿಗೆ ತಿಳಿಯುವ ಉಬ್ಬು ಚಿತ್ರ ಸಾಧ್ಯವಿದ್ದರೆ ಮಾತಿನ ವಿವರಣೆಯ ಜೊತೆಗೆ ಅದನ್ನೂ ಕೊಡಿ. ದಾರದಿಂದ ಅಂಟಿಸಿದ ನಾಲ್ಕು ಬಾಣಗಳು ಸಾಕು, ಜಲಚಕ್ರ ಬೆರಳಿಗೆ ಸಿಗುತ್ತದೆ.

ಹಂತ 6: ಧ್ವನಿಗೆ ಬರಹ ಕೊಡಿ

ವಿಡಿಯೊಗೆ ಸ್ವಯಂಚಾಲಿತ ಕ್ಯಾಪ್ಷನ್ ಹಾಕಿಸುವುದು ಈಗ ಕಷ್ಟವಲ್ಲ. ಆದರೆ ಮಾತನ್ನು ಬರಹವಾಗಿಸುವ ವ್ಯವಸ್ಥೆಗಳು ಎಲ್ಲರ ಮಾತನ್ನೂ ಒಂದೇ ರೀತಿ ಕೇಳಿಸಿಕೊಳ್ಳುವುದಿಲ್ಲ. ಐದು ದೊಡ್ಡ ಕಂಪನಿಗಳ ವ್ಯವಸ್ಥೆಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಳಿಯರ ಮಾತಿನಲ್ಲಿ ನೂರಕ್ಕೆ ಸುಮಾರು 19 ಪದಗಳು ತಪ್ಪಾದರೆ ಕಪ್ಪು ಜನರ ಮಾತಿನಲ್ಲಿ ಸುಮಾರು 35 ಪದಗಳು ತಪ್ಪಾಗಿದ್ದವು. ಆಡುನುಡಿಯ ಬೇರೆ ಬೇರೆ ರೂಪಗಳಲ್ಲಿ, ಮಕ್ಕಳ ಧ್ವನಿಯಲ್ಲಿ, ತೊದಲುವವರ ಮಾತಿನಲ್ಲಿ ಇಂಥ ಅಂತರವನ್ನು ನಿರೀಕ್ಷಿಸಿಯೇ ಹೊರಡಿ. ಮಾತನ್ನು ಬರಹವಾಗಿಸುವ ವಿಸ್ಪರ್ ಎಂಬ ಎಐ ಮಾದರಿಯ ಕುರಿತ 2024ರ ಅಧ್ಯಯನವು ಪರೀಕ್ಷಿಸಿದ ಧ್ವನಿ ತುಣುಕುಗಳ ಪೈಕಿ ಶೇಕಡಾ 1ರಷ್ಟರಲ್ಲಿ ಯಾರೂ ಆಡದ ಮಾತುಗಳನ್ನು ಅದು ಬರೆದಿತ್ತೆಂದು ಕಂಡುಕೊಂಡಿತು. ಮಿದುಳಿಗೆ ಪೆಟ್ಟಾಗಿ ಮಾತು ತಡವರಿಸುವವರ ಧ್ವನಿಯಲ್ಲಿ ಇದು ಇನ್ನೂ ಹೆಚ್ಚಾಗಿತ್ತು. ಕ್ಯಾಪ್ಷನ್ನನ್ನು ಒಮ್ಮೆ ಪೂರ್ತಿ ಓದಿ ತಿದ್ದದೆ ತರಗತಿಗೆ ಕೊಡಬೇಡಿ. ಗುಡುಗಿನ ಸದ್ದು, ನಗು, ಯಾರು ಮಾತಾಡುತ್ತಿದ್ದಾರೆ ಎಂಬುದು ಇವನ್ನೂ ಸೇರಿಸಿ.

ಕ್ಯಾಪ್ಷನ್ ಸಂಜ್ಞಾ ಭಾಷೆಯ ಬದಲಿಯಲ್ಲ. ಸಂಜ್ಞಾ ಭಾಷೆಗೆ ತನ್ನದೇ ವ್ಯಾಕರಣವಿದೆ. ಅದನ್ನೇ ಮೊದಲ ಭಾಷೆಯಾಗಿ ಕಲಿತ ಮಗುವಿಗೆ ಬರಹದ ಭಾಷೆ ಎರಡನೆಯದು. ತೆರೆಯ ಮೇಲೆ ಸಂಜ್ಞೆ ಮಾಡಿ ತೋರಿಸುವ ಎಐ ಚಾಲಿತ ಗೊಂಬೆಗಳು ಬರುತ್ತಿವೆಯಾದರೂ, ವಿಶ್ವ ಕಿವುಡರ ಒಕ್ಕೂಟವು 2018ರಲ್ಲೇ ಅವು ಮಾನವ ದುಭಾಷಿಗಳ ಜಾಗವನ್ನು ತುಂಬಲಾರವೆಂದು ಎಚ್ಚರಿಸಿದೆ. ದುಭಾಷಿಗಳು ಇದ್ದರೆ ತಿದ್ದಿದ ಬರಹವನ್ನು ಅವರಿಗೆ ಹಿಂದಿನ ದಿನವೇ ಕೊಡಿ.

ಹಂತ 7: ತಿಳಿದದ್ದನ್ನು ತೋರಿಸಲು ದಾರಿ ತೆರೆಯಿರಿ

ಜಲಚಕ್ರ ತಿಳಿದಿದೆಯೇ ಎಂದು ನೋಡುವುದು ನಿಮ್ಮ ಉದ್ದೇಶವಾದರೆ, ಉತ್ತರ ಬರಹದಲ್ಲೇ ಇರಬೇಕಿಲ್ಲ. ಮಾತಾಡಿ ಬರೆಸುವುದು, ಚಿತ್ರದ ತುಂಡುಗಳನ್ನು ಜೋಡಿಸುವುದು, ಧ್ವನಿ ಮುದ್ರಿಸುವುದು, ಮಾತಾಡದ ಮಕ್ಕಳಿಗೆ ಚಿತ್ರಫಲಕದಲ್ಲಿ ತೋರಿಸುವುದು, ಎಲ್ಲವೂ ಸರಿಯಾದ ಉತ್ತರಗಳೇ. ಒಂದೇ ಪ್ರಶ್ನೆಯನ್ನು ಮೂರು ಬಗೆಯಲ್ಲಿ ಉತ್ತರಿಸುವಂತೆ ಬದಲಿಸಲು ಎಐಯನ್ನು ಕೇಳಿ, ಮೂರೂ ಒಂದೇ ಕಲಿಕಾ ಫಲವನ್ನು ಅಳೆಯುತ್ತವೆಯೇ ಎಂದು ನೀವು ನೋಡಿ. ಅಳೆಯುತ್ತಿರುವುದು ಬರವಣಿಗೆಯನ್ನೇ ಆದರೆ ಮಾತ್ರ ಬರಹ ಕಡ್ಡಾಯವಾಗಬೇಕು. ಗಮನ ಹಿಡಿದಿಡಲು ಕಷ್ಟಪಡುವವರಿಗೆ ದೊಡ್ಡ ಕೆಲಸವನ್ನು ಹತ್ತು ಹತ್ತು ನಿಮಿಷದ ತುಂಡುಗಳಾಗಿ ಒಡೆದು, ಪ್ರತಿಯೊಂದರ ಕೊನೆಯಲ್ಲಿ ‘ಇದು ಮುಗಿದರೆ ನಿಮ್ಮ ಮುಂದೆ ಏನಿರಬೇಕು’ ಎಂದು ಬರೆಸಿಕೊಳ್ಳಿ.

ಉತ್ತರವನ್ನು ಎಐ ಬರೆದಿದೆಯೇ ಎಂದು ಪತ್ತೆ ಮಾಡುತ್ತೇವೆ ಎನ್ನುವ ತಂತ್ರಾಂಶಗಳ ತೀರ್ಪಿನ ಮೇಲೆ ಯಾವ ವಿದ್ಯಾರ್ಥಿಯನ್ನೂ ಶಿಕ್ಷಿಸಬೇಡಿ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಏಳು ಪತ್ತೆ ತಂತ್ರಾಂಶಗಳನ್ನು ಪರೀಕ್ಷಿಸಿದಾಗ, ಇಂಗ್ಲಿಷ್ ಮಾತೃಭಾಷೆಯಲ್ಲದವರು ತಾವೇ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅವು ಎಐ ಬರಹವೆಂದು ತಪ್ಪಾಗಿ ಗುರುತಿಸಿದ್ದವು. ಸೀಮಿತ ಪದಸಂಪತ್ತಿನಲ್ಲಿ, ಸರಳ ವಾಕ್ಯಗಳಲ್ಲಿ ಬರೆಯುವವರೇ ಈ ತಪ್ಪಿಗೆ ಬಲಿಯಾಗುತ್ತಾರೆ, ಅಂದರೆ ನಾವು ಯಾರಿಗಾಗಿ ಇಷ್ಟೆಲ್ಲ ಮಾಡುತ್ತಿದ್ದೇವೋ ಅವರೇ. ಅನುಮಾನವಿದ್ದರೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಇದನ್ನು ನನಗೆ ಹೇಳು’ ಎನ್ನಿ.

ಹಂತ 8: ಎಲ್ಲರಿಗೂ ಎಲ್ಲ ರೂಪಗಳನ್ನು ಕೊಡಿ, ಬಳಿಕ ತೂಗಿ ನೋಡಿ

ಸರಳ ಪಠ್ಯ, ಚಿತ್ರದ ವಿವರಣೆ, ಧ್ವನಿರೂಪ, ಕ್ಯಾಪ್ಷನ್ ಇರುವ ವಿಡಿಯೊ ಇವನ್ನು ‘ವಿಶೇಷ ಅಗತ್ಯವುಳ್ಳವರಿಗೆ’ ಎಂದು ಹೆಸರಿಸಿ ಹಂಚಬೇಡಿ. ಎಲ್ಲವನ್ನೂ ಒಂದೇ ಕಡೆ ಇಟ್ಟು ಯಾರಿಗೆ ಯಾವುದು ಬೇಕೋ ತೆಗೆದುಕೊಳ್ಳಲಿ. ಆಗ ಸರಳ ಪಠ್ಯವನ್ನು ತೆಗೆದುಕೊಂಡವನು ಯಾರ ಕಣ್ಣಿಗೂ ಬೇರೆಯಾಗಿ ಕಾಣುವುದಿಲ್ಲ. ಜ್ವರದಿಂದ ತರಗತಿ ತಪ್ಪಿಸಿಕೊಂಡವಳೂ ಧ್ವನಿರೂಪವನ್ನು ಕೇಳಬಹುದು, ಗದ್ದಲದಲ್ಲಿ ಕುಳಿತವನೂ ಕ್ಯಾಪ್ಷನ್ ಓದಬಹುದು.

ಮೂರು ನಾಲ್ಕು ಪಾಠಗಳಾದ ಮೇಲೆ ವಿದ್ಯಾರ್ಥಿಗಳೊಡನೆ ಕುಳಿತು ಕೇಳಿ: ಯಾವುದನ್ನು ಬಳಸಿದಿರಿ, ಯಾವುದು ಅಡ್ಡ ಬಂತು, ಯಾವುದರಲ್ಲಿ ತಪ್ಪಿತ್ತು? ಕೇಳಿದ್ದನ್ನು ದಿನಾಂಕದೊಂದಿಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಪಕ್ಕದಲ್ಲಿ ಎಐಗೆ ಕೊಟ್ಟ ಸೂಚನೆಯನ್ನೂ ನೀವು ಕೈಯಿಂದ ತಿದ್ದಿದ್ದನ್ನೂ ಬರೆಯಿರಿ. ತಿದ್ದುವ ಸಮಯವು ಹೊಸದಾಗಿ ಬರೆಯುವ ಸಮಯಕ್ಕಿಂತ ಹೆಚ್ಚಾಗುತ್ತಿರುವ ಕೆಲಸವನ್ನು ಎಐಯಿಂದ ಹಿಂದಕ್ಕೆ ತೆಗೆದುಕೊಳ್ಳಿ. ಕನ್ನಡದಲ್ಲಿ ಸದ್ಯಕ್ಕೆ ಪ್ರಾಸದ ಪದ್ಯಗಳೂ ಅಕ್ಷರಾಭ್ಯಾಸದ ಪದಪಟ್ಟಿಗಳೂ ಅಂಥವು. ಚಿತ್ರ ವಿವರಣೆ, ಪ್ರಶ್ನೆಗಳ ರೂಪಾಂತರ, ಕೆಲಸವನ್ನು ತುಂಡು ಮಾಡಿ ಕೊಡುವುದು, ಇವನ್ನು ಅದರ ಬಳಿಯೇ ಬಿಡಬಹುದು. ಆ ನೋಟ್‌ಬುಕ್ಕನ್ನು ಮುಂದಿನ ವರ್ಷ ಅದೇ ತರಗತಿಗೆ ಬರುವ ಶಿಕ್ಷಕರಿಗೆ, ಮಕ್ಕಳ ಹೆಸರುಗಳನ್ನು ತೆಗೆದು, ಒಪ್ಪಿಸಿ.